ನ್ಯೂ ಈಡನ್ ಮಹಾಕಾವ್ಯದ ನಾಯಕ ಯಾರು? — ಒಂದು ಶಾಸ್ತ್ರೀಯ ವಿವೇಚನೆ

ಮಹಾಕಾವ್ಯ ಎನಿಸಿಕೊಳ್ಳಬೇಕಾದರೆ ಪುರವರ್ಣನೆಯಿಂದ ಹಿಡಿದು ನಾಯಕಾಭ್ಯುದಯದವರೆಗೆ ಹದಿನೆಂಟು ವರ್ಣನೆಗಳು ಇರತಕ್ಕದ್ದು ಎಂದು ಲಾಕ್ಷಣಿಕರು ಕಟ್ಟಳೆ ಮಾಡಿದ್ದಾರೆ. ಅವರಲ್ಲೊಬ್ಬನಾದ ದಂಡಿಯ ಕಾಲದಲ್ಲಿ ಸರ್ವರ್ ಇರಲಿಲ್ಲವಾದ್ದರಿಂದ ಆನ್‌ಲೈನ್ ಆಟಗಳು ಅವನ ಗಮನಕ್ಕೆ ಬರಲಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಪರಿಶೀಲನೆಗೆ ಎತ್ತಿಕೊಂಡಿರುವ ಕೃತಿ 'ಈವ್ ಆನ್‌ಲೈನ್'. ಕರ್ತೃ: ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ 1997ರಲ್ಲಿ ಹುಟ್ಟಿದ ಸಿಸಿಪಿ ಎಂಬ ಕಂಪನಿ. ಕಾಲ: 2003ರ ಮೇ 6ರಂದು ಆರಂಭ; ಇನ್ನೂ ಮುಗಿದಿಲ್ಲ. ಗಾತ್ರ: ಏಳು ಸಾವಿರಕ್ಕೂ ಹೆಚ್ಚು ನಕ್ಷತ್ರಮಂಡಲಗಳು. ಪ್ರತಿಗಳು: ಚೀನಾದಲ್ಲಿರುವ ಪ್ರತ್ಯೇಕ ಪ್ರತಿಯನ್ನು ಬಿಟ್ಟರೆ ಜಗತ್ತಿಗೆಲ್ಲ ಒಂದೇ, ಎಲ್ಲ ಆಟಗಾರರೂ ಒಂದೇ ಆಕಾಶದಲ್ಲಿ ಒಬ್ಬರ ಜೇಬಿಗೆ ಒಬ್ಬರು ಕೈ ಹಾಕುತ್ತಾರೆ. ಕೃತಿಗೆ ತನ್ನದೇ ಆದ ಶಕೆಯೂ ಉಂಟು. ಕ್ರಿಸ್ತಶಕದಿಂದ 1898 ಕಳೆದರೆ ಅದು ಸಿಗುತ್ತದೆ. 78 ಕಳೆದು ಶಾಲಿವಾಹನ ಶಕೆಗೆ ಬರುವ ಅಭ್ಯಾಸವುಳ್ಳ ನಮ್ಮ ಶಾಸನತಜ್ಞರಿಗೆ ಇದೇನೂ ಕಷ್ಟವಾಗದು.

ಕವಿಗೆ ರಾಜಾಶ್ರಯವಿರಲಿಲ್ಲ. ಹಾಗಾಗಿ ಕಂಪನಿ 1998ರಲ್ಲಿ 'ಅಪಾಯದ ಆಟ' ಎಂಬ ಅರ್ಥದ ಹೆಸರಿನ ಬೋರ್ಡ್ ಗೇಮೊಂದನ್ನು ಮಾರಿ ಬಂಡವಾಳ ಹೊಂದಿಸಿತು. ಕಾವ್ಯ ಹೊರಬರುವ ಐದು ವರ್ಷ ಮೊದಲೇ ಖಿರ್ದಿ ಪುಸ್ತಕ ತೆರೆದಿತ್ತು. ವಾಚಕರು ಇಲ್ಲಿ ಪೆನ್ಸಿಲಿನಿಂದ ಗೀಟು ಎಳೆದುಕೊಳ್ಳಬೇಕು. ಯಾಕೆಂದರೆ ನಮ್ಮ ಸಿದ್ಧಾಂತ ಇದು: ಈ ಕಾವ್ಯದ ನಾಯಕ ಲೇಸರ್ ಹಿಡಿದ ವೀರನಲ್ಲ, ಲೆಕ್ಕ ಬರೆಯುವ ಶಾನುಭೋಗ. ನಮ್ಮಲ್ಲಿ 1961ರ ಕಾಯ್ದೆಯಿಂದ ರದ್ದಾದ ಹುದ್ದೆ ಅಂತರಿಕ್ಷದಲ್ಲಿ ಮರಳಿ ತಲೆಯೆತ್ತಿರುವುದನ್ನು ಇದುವರೆಗಿನ ವಿಮರ್ಶಕರು ಗಮನಿಸಿಲ್ಲ. ಅವರೆಲ್ಲ ಸ್ಫೋಟಗಳನ್ನು ನೋಡುತ್ತ ಕುಳಿತಿದ್ದರು.

ಕಥಾವಸ್ತು ಹೀಗೆ. ಭೂಮಿಯಿಂದ ಹೊರಟ ಮನುಷ್ಯರು 'ಈವ್ ದ್ವಾರ' ಎಂಬ ಸಹಜ ಸುರಂಗದ ಮೂಲಕ ಆಚೆ ದಡದ ನ್ಯೂ ಈಡನ್‌ಗೆ ವಲಸೆ ಹೋಗುತ್ತಾರೆ. ಸುರಂಗ ಕುಸಿಯುತ್ತದೆ. ತವರಿನ ಸಂಪರ್ಕ ಕಡಿದು ಬಹುತೇಕ ವಸಾಹತುಗಳು ಹಸಿದು ಸಾಯುತ್ತವೆ; ಉಳಿದವರು ಸಾವಿರಾರು ವರ್ಷ ಕಳೆದ ಮೇಲೆ ನಾಲ್ಕು ಸಾಮ್ರಾಜ್ಯಗಳಾಗಿ ಎದ್ದು ನಿಲ್ಲುತ್ತಾರೆ. ಅಮಾರ್‌ನವರದು ಧರ್ಮರಾಜ್ಯ, ಧರ್ಮದ ಹೆಸರಿನಲ್ಲೇ ಮಿನ್ಮಟಾರ್ ಜನರನ್ನು ಗುಲಾಮರಾಗಿಸಿದರು. ಮಿನ್ಮಟಾರರು ದಂಗೆಯೆದ್ದು ಬಿಡುಗಡೆ ಪಡೆದರು. ಗ್ಯಾಲೆಂಟೆಯವರದು ಪ್ರಜಾಪ್ರಭುತ್ವ. ಅವರಿಂದ ಸಿಡಿದು ಹೋದ ಕಾಲ್ಡಾರಿಗಳದು ಕಂಪನಿಗಳೇ ಸರ್ಕಾರವಾಗಿರುವ ರಾಜ್ಯ. ಇವರಲ್ಲದೆ ಜೋವ್ ಎಂಬ ಜನಾಂಗವಿದೆ. ತಮ್ಮ ವಂಶವಾಹಿಗಳನ್ನು ತಾವೇ ತಿದ್ದಿ ತಿದ್ದಿ ರೋಗ ಅಂಟಿಸಿಕೊಂಡವರು. ಕ್ಯಾಪ್ಸೂಲ್ ವಿದ್ಯೆಯನ್ನು ಕಾಲ್ಡಾರಿಗಳ ಕೈಗಿತ್ತವರು ಇವರೇ.

ಕ್ಯಾಪ್ಸೂಲೆಂದರೆ ದ್ರವ ತುಂಬಿದ ಒಂದು ಅಂಡ. ನೌಕೆಯ ಚಾಲಕ ಅದರೊಳಗೆ ತೇಲುತ್ತ ಇಡೀ ನೌಕೆಯನ್ನು ಮನಸ್ಸಿನಿಂದಲೇ ನಡೆಸುತ್ತಾನೆ. ಅಂಡ ಒಡೆದರೆ ಆ ಕ್ಷಣವೇ ಅವನ ಮಿದುಳಿನ ನಕಲು ದೂರದಲ್ಲೆಲ್ಲೋ ಸಿದ್ಧವಾಗಿರುವ ಇನ್ನೊಂದು ದೇಹಕ್ಕೆ ಹೋಗಿ ಸೇರುತ್ತದೆ. ಹದಿನೆಂಟರಲ್ಲಿ ಸಲಿಲಕ್ರೀಡೆ ಮತ್ತು ಕುಮಾರೋದಯ ಎರಡೂ ಇಲ್ಲಿ ಒಂದೇ ಏಟಿಗೆ ಮುಗಿದವು. ಆದರೆ ಈ ಪುನರ್ಜನ್ಮ ಪುಕ್ಕಟೆಯದಾಗಿರಲಿಲ್ಲ. 2014ರವರೆಗೂ ಆಟಗಾರ ತನ್ನ ವಿದ್ಯೆಗೆ ತಕ್ಕ ದರ್ಜೆಯ ದೇಹಕ್ಕೆ ಮುಂಗಡ ಹಣ ಕಟ್ಟಿಡಬೇಕಿತ್ತು. ಮರೆತು ಸತ್ತನೋ, ಕಲಿತದ್ದರಲ್ಲಿ ಒಂದು ಪಾಲು ಖೋತಾ. ಕರ್ಮಸಿದ್ಧಾಂತಕ್ಕೆ ರಶೀದಿ ಲಗತ್ತಿಸಿದ ಮೊದಲ ದರ್ಶನ ಇದೆಂದು ನಮ್ಮ ನಮ್ರ ಅಭಿಪ್ರಾಯ. ನೌಕೆಯಲ್ಲಿ ಸಾವಿರಾರು ಸಿಬ್ಬಂದಿ ಇರುತ್ತಾರೆಂದು ಪುರಾಣಭಾಗ ಹೇಳುತ್ತದೆ. ಅವರಿಗೆ ಇನ್ನೊಂದು ದೇಹವಿಲ್ಲ. ಲೆಕ್ಕದ ಯಾವ ಕಾಲಮ್ಮಿನಲ್ಲೂ ಅವರು ಬರುವುದಿಲ್ಲ. ಶಾನುಭೋಗನ ಈ ಗುಣವೂ ನಮಗೆ ಪರಿಚಿತವೇ.

ಸಣ್ಣಪುಟ್ಟ ವರ್ಣನೆಗಳನ್ನು ಬೇಗ ಮುಗಿಸೋಣ. ಅರ್ಣವ: ಅಂತರಿಕ್ಷವೇ ಇಲ್ಲಿ ಸಮುದ್ರ. ಎಂಜಿನ್ ನಿಂತರೆ ನೌಕೆಯೂ ನಿಧಾನವಾಗಿ ನಿಲ್ಲುತ್ತದೆ, ನಿರ್ವಾತದಲ್ಲೂ ಗುಂಡಿನ ಸದ್ದು ಕೇಳುತ್ತದೆ. ನ್ಯೂಟನ್‌ನ ಮೊದಲ ನಿಯಮಕ್ಕೆ ಈ ಸೀಮೆಗೆ ಪ್ರವೇಶವಿಲ್ಲ. ಮಧುಪಾನ: ಕ್ವೇಫ್ ಎಂಬ ಗ್ಯಾಲೆಂಟೆ ಪಾನೀಯ. ಶೃಂಗಾರ: ನರ್ತಕಿಯರು ಇದ್ದಾರೆ, ಆದರೆ ಸರಕಿನ ಪಟ್ಟಿಯಲ್ಲಿ, ಘನಮೀಟರಿನ ಅಳತೆಯಲ್ಲಿ. ಚಂದ್ರೋದಯ: ನಮ್ಮ ಕವಿಗಳಲ್ಲಿ ಚಂದ್ರ ಮೂಡಿದರೆ ವಿರಹಿಗಳು ಬೇಯುತ್ತಾರೆ, ಇಲ್ಲಿ ಗಣಿ ಗುತ್ತಿಗೆದಾರರು ಬೇಯುತ್ತಾರೆ. ಟೆಕ್ನೀಷಿಯಂ ಎಂಬ ಲೋಹ ಸಿಗುವ ಚಂದ್ರರು ಕೆಲವೇ ಕೆಲವು. 2012ರ ಸುಮಾರಿಗೆ ಅವುಗಳ ಒಡೆಯರು ತೈಲ ರಾಷ್ಟ್ರಗಳ ಒಕ್ಕೂಟವನ್ನೇ ಮಾದರಿಯಾಗಿಟ್ಟುಕೊಂಡು ಕೂಟ ಕಟ್ಟಿ ಬೆಲೆ ಏರಿಸಿದರು. ಆ ಬೆಳದಿಂಗಳಿಗೆ ಬಿಲ್ ಬಂತು.

ಸೂರ್ಯಾಸ್ತದ ವಿಷಯಕ್ಕೆ ಎರಡು ಮಾತು ಹೆಚ್ಚು ಬೇಕು. ಈ ಲೋಕದ ಗಡಿಯಾರ ಗ್ರೀನಿಚ್ ಸಮಯದ್ದು, ಐಸ್‌ಲ್ಯಾಂಡಿನದೂ ಅದೇ. ಪ್ರತಿದಿನ ಬೆಳಿಗ್ಗೆ 11ಕ್ಕೆ ಸರ್ವರ್ ನಿರ್ವಹಣೆಗಾಗಿ ಲೋಕ ಮುಚ್ಚುತ್ತದೆ. ಆಗ ಬೆಂಗಳೂರಿನಲ್ಲಿ ಸಂಜೆ ನಾಲ್ಕೂವರೆ. ಜಗತ್ತಿನ ಉಳಿದ ಭಾಗದ ಆಟಗಾರರಿಗೆ ಇದು ಅಕಾಲ ಪ್ರಳಯವಾದರೆ, ಕನ್ನಡಿಗ ಆಟಗಾರನಿಗೆ ಕಾಫಿ ಕಾಸಿಕೊಳ್ಳುವ ಸಮಯ.

ಪ್ರಕ್ಷಿಪ್ತಗಳ ಸಮಸ್ಯೆ ಬೇರೆ. 2007ರ ಡಿಸೆಂಬರಿನಲ್ಲಿ ಸೇರಿಸಿದ ಒಂದು ಪರಿಷ್ಕರಣೆ ಕೆಲವು ಆಟಗಾರರ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಬೂಟ್.ಇನಿ ಕಡತವನ್ನೇ ಅಳಿಸಿಹಾಕಿತು. ಆಟದಲ್ಲೂ ಅದೇ ಹೆಸರಿನ ಕಡತವಿದ್ದುದರಿಂದ ಆದ ಗೊಂದಲ. ಮುಂದಿನ ಸಲ ಯಂತ್ರವೇ ಏಳಲಿಲ್ಲ. ಓಲೆಗರಿಯನ್ನು ಗೆದ್ದಲು ತಿಂದದ್ದುಂಟು, ಲಿಪಿಕಾರ ಸಾಲು ಬಿಟ್ಟದ್ದುಂಟು. ಓದುಗನ ಕಪಾಟಿಗೇ ಬೆಂಕಿಯಿಟ್ಟ ಪಾಠಾಂತರ ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ಅಪರೂಪ.

ಇನ್ನು ಪುರವರ್ಣನೆ. ಪುರ ಯಾವುದು? ನಿಸ್ಸಂಶಯವಾಗಿ ಜೀಟಾ. ನಾಲ್ಕನೆಯ ಗ್ರಹದ ನಾಲ್ಕನೆಯ ಚಂದ್ರನ ಬಳಿ ಕಾಲ್ಡಾರಿ ನೌಕಾಪಡೆಯ ನಿಲ್ದಾಣ. ಬಲ್ಲವರ ಬಾಯಲ್ಲಿ 'ಫೋರ್-ಫೋರ್'. ಇಲ್ಲಿ ಎಲ್ಲವೂ ಬಿಕರಿ. ಹೊಕ್ಕೊಡನೆ ಪರದೆಯ ಮೂಲೆಯಲ್ಲಿ ಸಾರ್ವಜನಿಕ ಮಾತುಕತೆಯ ಸಾಲುಗಳು ಓದಲಾಗದ ವೇಗದಲ್ಲಿ ಮೇಲಕ್ಕೆ ಸರಿಯುತ್ತವೆ. "ಬಂಧುಗಳೇ, ಆಟ ಬಿಡುತ್ತಿದ್ದೇನೆ, ಆಸ್ತಿ ದಾನ. ನೀವು ಎಷ್ಟು ಕಳಿಸಿದರೆ ಅದರ ಎರಡರಷ್ಟು ವಾಪಸು." ಮೊದಲು ಒಂದು ಸಣ್ಣ ಮೊತ್ತ ಕಳಿಸಿ ನೋಡಿ, ನಿಜಕ್ಕೂ ದುಪ್ಪಟ್ಟು ಬಂದರೂ ಬರಬಹುದು. ದೊಡ್ಡದು ಕಳಿಸಿದಾಗ ದಾನಿಗೆ ಏಕಾಏಕಿ ಕಿವುಡು. ಕಂಪನಿ ಇದನ್ನು ಮೋಸವೆನ್ನದೆ ಆಟವೆನ್ನುತ್ತದೆ. ನಿಯಮ ಮುರಿಯದೆ ಯಾರನ್ನು ಬೇಕಾದರೂ ಬೋಳಿಸಬಹುದು.

ಈ ಪುರಕ್ಕೆ ಕಾಂಕಾರ್ಡ್ ಎಂಬ ಪೊಲೀಸರ ಕಾವಲಿದೆ. ಮಂಡಲಗಳಿಗೆ 1.0ರಿಂದ ಕೆಳಕ್ಕೆ ಭದ್ರತೆಯ ಅಂಕ, 0.5ರವರೆಗೆ ಕಾಂಕಾರ್ಡ್ ಬರುತ್ತದೆ, ಅದರ ಕೆಳಗೆ ನಿಮ್ಮ ಪಾಡು ನಿಮಗೆ. ಕಾಂಕಾರ್ಡ್ ತಪ್ಪಿತಸ್ಥನನ್ನು ಖಂಡಿತ ಸುಡುತ್ತದೆ, ಆದರೆ ತಪ್ಪು ನಡೆದ ಮೇಲೆ. ಅಂದಮೇಲೆ ದರೋಡೆ ಎಂಬುದು ಸಾಹಸವಲ್ಲ, ಭಾಗಾಕಾರ: ನನ್ನ ಅಗ್ಗದ ನೌಕೆಗಳ ಬೆಲೆಗಿಂತ ನಿನ್ನ ಹಡಗಿನ ಸರಕಿನ ಬೆಲೆ ಹೆಚ್ಚೋ ಕಡಿಮೆಯೋ? ಹೆಚ್ಚಾದರೆ ನೀನು ಸತ್ತೆ. 2011ರ ಕೊನೆಯವರೆಗೂ ಹೀಗೆ ಕಾಂಕಾರ್ಡ್ ಕೈಯಲ್ಲಿ ಸುಟ್ಟುಹೋದ ದರೋಡೆಕೋರನಿಗೆ ವಿಮೆಯ ಹಣವೂ ಬರುತ್ತಿತ್ತು. ಧರ್ಮಶಾಸ್ತ್ರಗಳಲ್ಲಿ ಕಳ್ಳನ ಕೈ ಕಡಿಯುವ ವಿಧಿಯುಂಟು. ಕಡಿದ ಕೈಗೆ ಪರಿಹಾರಧನದ ವಿಧಿ ನಮಗೆ ಸಿಕ್ಕಿಲ್ಲ. ಕೆಲವು ತಂಡಗಳು ಇನ್ನೂ ಮುಂದೆ ಹೋಗಿ, ಬಂಡೆ ಕೊರೆಯುತ್ತ ತೂಕಡಿಸುವ ಬಡಪಾಯಿ ಗಣಿಗಾರರಿಗೆ ಒಂದು ಕೋಟಿ ಇಸ್ಕ್ (ಈ ಲೋಕದ ನಾಣ್ಯ) ದರದಲ್ಲಿ ಪರವಾನಗಿ ಪತ್ರ ಮಾರಿದವು. ಪತ್ರವಿಲ್ಲದವನ ಹಡಗು ಭಸ್ಮ. ಪತ್ರವಿದ್ದವನದೂ ಕೆಲವೊಮ್ಮೆ ಭಸ್ಮ, ನಿಯಮಾವಳಿಯ ಯಾವುದೋ ಕಲಮು ಉಲ್ಲಂಘಿಸಿದ ಕಾರಣಕ್ಕೆ.

2010ರಲ್ಲಿ ಒಬ್ಬಾತ ಕೆಸ್ಟ್ರೆಲ್ ಎಂಬ ಪುಟಾಣಿ ನೌಕೆಯಲ್ಲಿ 74 ಪ್ಲೆಕ್ಸ್ ಹೇರಿಕೊಂಡು ಜೀಟಾಕ್ಕೆ ಬಂದ. ಪ್ಲೆಕ್ಸ್ ಎಂದರೆ ಆಟದ ಚಂದಾ ಕಟ್ಟಲು ಬಳಸುವ ವಸ್ತು, ನಿಜವಾದ ದುಡ್ಡಿಗೆ ಸಮ. ಅವನ ನೌಕೆಯನ್ನು ಹೊಡೆದುರುಳಿಸಿದವರಿಗೂ ಅದು ದಕ್ಕಲಿಲ್ಲ; ನೌಕೆಯೊಡನೆ ಎಲ್ಲವೂ ಉರಿದುಹೋಯಿತು. ಸಾವಿರ ಡಾಲರಿಗೂ ಮೀರಿದ ಹೊಗೆ. 'ಪ್ರಯಾಣ' ಎಂಬ ವರ್ಣನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮಂತ್ರಾಲೋಚನೆ ಮತ್ತು ದೌತ್ಯದಲ್ಲಿ ಈ ಕವಿಯ ಕೈ ಪಳಗಿದ್ದು. ಬಾಡಿಗೆ ಹಂತಕರ ಒಂದು ಕೂಟ ತನ್ನವರನ್ನು ಆಟಗಾರರ ಒಂದು ಕಂಪನಿಯೊಳಗೆ ಸೇರಿಸಿತು. ಸುಮಾರು ಒಂದು ವರ್ಷ ಅವರು ನಿಷ್ಠೆಯಿಂದ ದುಡಿದರು, ಬಡ್ತಿ ಪಡೆದರು, ಉಗ್ರಾಣದ ಬೀಗದ ಕೈ ಪಡೆದರು. 2005ರಲ್ಲಿ, ಗೊತ್ತಾದ ದಿನ, ಒಂದೇ ಹೊತ್ತಿಗೆ ಉಗ್ರಾಣಗಳು ಬರಿದಾದವು, ಮುಖ್ಯಸ್ಥೆಯ ನೌಕೆ ನುಚ್ಚುನೂರಾಯಿತು. ಕರಾರಿನ ಪ್ರಕಾರ ಅವಳ ಹೆಪ್ಪುಗಟ್ಟಿದ ಶವವನ್ನೂ ಗಿರಾಕಿಗೆ ತಲುಪಿಸಲಾಯಿತು. 2009ರ ಫೆಬ್ರವರಿಯ ಪ್ರಸಂಗ ಇದಕ್ಕಿಂತ ಸಂಕ್ಷಿಪ್ತ, ಆದ್ದರಿಂದ ಹೆಚ್ಚು ಕಾವ್ಯಮಯ. 'ಬ್ಯಾಂಡ್ ಆಫ್ ಬ್ರದರ್ಸ್' ಎಂಬ ಪ್ರಬಲ ಮೈತ್ರಿಕೂಟವನ್ನು ವರ್ಷಗಟ್ಟಲೆ ಯುದ್ಧ ಮಾಡಿದರೂ ಮುಗಿಸಲಾಗಿರಲಿಲ್ಲ. ಒಳಗಿನ ಒಬ್ಬ ನಿರ್ದೇಶಕ ಶತ್ರುಗಳಾದ 'ಗೂನ್‌ಸ್ವಾರ್ಮ್'ಗೆ ಒಲಿದ. 'ವಿಸರ್ಜಿಸು' ಎಂಬ ಗುಂಡಿ ಒತ್ತಲಾಯಿತು. ಸಾಮ್ರಾಜ್ಯ ಇಲ್ಲವಾಯಿತು. ಮತ್ತೆ ಅದೇ ಹೆಸರಿನಲ್ಲಿ ನೋಂದಾಯಿಸೋಣವೆಂದರೆ ಶತ್ರುಗಳು ಆ ಹೆಸರನ್ನೂ ಬರೆಸಿಕೊಂಡಿದ್ದರು. ಗೆದ್ದ ಗೂನ್‌ಸ್ವಾರ್ಮ್ ಮರುವರ್ಷ ಏನಾಯಿತು? ಕಂದಾಯ ಕಟ್ಟಲು ಗಲ್ಲಾದಲ್ಲಿ ದುಡ್ಡಿಲ್ಲದೆ ತನ್ನ ಪ್ರಾಂತ್ಯಗಳನ್ನು ತಾನೇ ಕಳೆದುಕೊಂಡಿತು. ಶಾನುಭೋಗ ಯಾರ ಪಕ್ಷವೂ ಅಲ್ಲ.

ಆಜಿ, ಅರ್ಥಾತ್ ಯುದ್ಧ. ಪೂರ್ವಪಕ್ಷದವರು ಇಲ್ಲಾದರೂ ವೀರನಿಗೆ ಜಾಗವಿದೆ ಎನ್ನುತ್ತಾರೆ. ಅವರನ್ನು 2014ರ ಜನವರಿ 27ಕ್ಕೆ ಕರೆದೊಯ್ಯೋಣ. ಬಿ-ಆರ್5ಆರ್‌ಬಿ ಎಂಬ ಮಂಡಲ. ಹೆಸರು ಲಾರಿಯ ನಂಬರ್ ಪ್ಲೇಟಿನಂತಿದೆ, ಕುರುಕ್ಷೇತ್ರದ ಗಾಂಭೀರ್ಯವಿಲ್ಲ. ಹಿಡಿತದಲ್ಲಿರುವ ಪ್ರತಿ ಮಂಡಲಕ್ಕೂ ಗೊತ್ತಾದ ಅವಧಿಗೆ ಕಂದಾಯ ಕಟ್ಟಬೇಕಿತ್ತು. ಒಂದು ಪಕ್ಷ ತನ್ನ ನೌಕೆಗಳನ್ನು ಕೂಡಿಟ್ಟಿದ್ದ ಈ ಮಂಡಲದ ಕಂದಾಯ ಆ ಸಲ ಕಟ್ಟಿಯಾಗಲಿಲ್ಲ. ಮರೆವೋ, ಯಂತ್ರದ ತಪ್ಪೋ ಎಂಬ ಬಗ್ಗೆ ಉಭಯಪಕ್ಷದಲ್ಲೂ ಭಾಷ್ಯಗಳಿವೆ. ಕಟ್ಟಿಯಾಗದ ಕ್ಷಣದಿಂದ ಮಂಡಲ ಬೇವಾರಸು. ಸುದ್ದಿ ತಿಳಿದ ಶತ್ರುಪಕ್ಷ ಧಾವಿಸಿತು.

ಮುಂದಿನ ಸುಮಾರು 21 ಗಂಟೆ ನಡೆದ ಕದನದಲ್ಲಿ 7,548 ಆಟಗಾರರು ಪಾಲ್ಗೊಂಡರು. ಇಷ್ಟು ಜನ ಒಂದೆಡೆ ಸೇರಿದರೆ ಸರ್ವರ್ ಏದುಸಿರು ಬಿಡುತ್ತದೆ. ಕುಸಿಯಬಾರದೆಂದು ಕಾಲವನ್ನೇ ಹತ್ತನೆಯ ಒಂದು ಪಾಲಿನ ವೇಗಕ್ಕೆ ಇಳಿಸುತ್ತಾರೆ. ಟೈಟನ್ ಎಂಬ ಅತಿದೊಡ್ಡ ನೌಕೆಯ ಮಹಾಸ್ತ್ರವನ್ನು ಹತ್ತು ನಿಮಿಷಕ್ಕೊಮ್ಮೆ ಬಿಡಬಹುದು. ಕಾಲ ನಿಧಾನವಾದಾಗ ನೂರು ನಿಮಿಷಕ್ಕೊಮ್ಮೆ. ಯೋಧ ಗುಂಡಿ ಒತ್ತುತ್ತಾನೆ. ಎದ್ದು ಊಟ ಮಾಡುತ್ತಾನೆ, ಪಾತ್ರೆ ತೊಳೆಯುತ್ತಾನೆ, ಮಗುವನ್ನು ಮಲಗಿಸುತ್ತಾನೆ, ಬಂದು ನೋಡಿದರೆ ಅಸ್ತ್ರಕ್ಕೆ ಇನ್ನೂ ಅರ್ಧ ಗಂಟೆ ಬಾಕಿ. ವೀರರಸಕ್ಕೆ ಸ್ಥಾಯಿಭಾವ ಉತ್ಸಾಹ ಎಂದು ಶಾಸ್ತ್ರ. ಇಲ್ಲಿ ಅದು ತಾಳ್ಮೆ. ಮರುದಿನ ನಿತ್ಯನಿರ್ವಹಣೆಯ ಹೊತ್ತು ಸಮೀಪಿಸಿದಾಗ ಕದನ ನಿಂತಿತು. ಸೂರ್ಯಾಸ್ತವಾದರೆ ಶಸ್ತ್ರ ಕೆಳಗಿಡುವ ಧರ್ಮಯುದ್ಧದ ನಿಯಮ ಹೀಗೆ ಪಾಲನೆಯಾಯಿತು.

ಕಂಪನಿ ಅಲ್ಲೊಂದು ಸ್ಮಾರಕ ನಿಲ್ಲಿಸಿತು. ಸತ್ತ ಟೈಟನ್‌ಗಳ ಅವಶೇಷಗಳು ಇಂದಿಗೂ ತೇಲುತ್ತಿವೆ. ನಮ್ಮ ಊರುಗಳಲ್ಲಿ ತುರು ಬಿಡಿಸಲು ಹೋಗಿ ಮಡಿದವನಿಗೆ ವೀರಗಲ್ಲು. ಅಲ್ಲಿ ಬಾಕಿ ಬಿದ್ದ ಕಂದಾಯಕ್ಕೆ ವೀರಗಲ್ಲು. ನಾಶವಾದ ಟೈಟನ್‌ಗಳು 75, ನಷ್ಟ ಮೂರು ಲಕ್ಷ ಡಾಲರಿಗೂ ಹೆಚ್ಚೆಂಬ ಅಂದಾಜು. 2020ರ ವರ್ಷಾಂತ್ಯದಲ್ಲಿ ಎಂ2-ಎಕ್ಸ್‌ಎಫ್‌ಇ ಎಂಬಲ್ಲಿ 257 ಟೈಟನ್‌ಗಳು ಬಿದ್ದು ಆ ದಾಖಲೆಯೂ ಮುರಿಯಿತು. ಗಿನ್ನೆಸ್‌ನವರು ಬರೆದುಕೊಂಡ ನಷ್ಟ 3,78,012 ಡಾಲರ್. ಕೊನೆಯ ಆ ಹನ್ನೆರಡು ಡಾಲರನ್ನೂ ಬಿಡದೆ ನಮೂದಿಸಿದವನು ಯಾರೆಂದು ಪೂರ್ವಪಕ್ಷದವರೇ ಹೇಳಲಿ.

ಉಳಿದದ್ದು ನಾಯಕಾಭ್ಯುದಯ. 2007ರಲ್ಲಿ ಸಿಸಿಪಿ ಈ ಕಲ್ಪಿತ ಲೋಕದ ಹಣಕಾಸು ನೋಡಿಕೊಳ್ಳಲು ಎಯ್ಯೋಲ್ಫುರ್ ಗುಡ್ಮುಂಡ್ಸನ್ ಎಂಬ ನಿಜವಾದ ಅರ್ಥಶಾಸ್ತ್ರಜ್ಞರನ್ನು ನೇಮಿಸಿಕೊಂಡಿತು. ಕಲ್ಪಿತ ಅದಿರಿನ ಬೆಲೆಯೇರಿಕೆಯ ಬಗ್ಗೆ ಅವರು ತ್ರೈಮಾಸಿಕ ವರದಿಗಳನ್ನು ಹೊರತಂದರು. 2014ರಲ್ಲಿ ಐಸ್‌ಲ್ಯಾಂಡಿನ ಅಕುರೇರಿ ವಿಶ್ವವಿದ್ಯಾಲಯಕ್ಕೆ ಅವರೇ ಮುಖ್ಯಸ್ಥರಾದರು. ಟೈಟನ್ ನಡೆಸಿದ ಯಾವ ಸೇನಾನಿಗೂ ಅಂಥ ಪೀಠ ಸಿಕ್ಕಿದ್ದು ನಮ್ಮ ಗಮನಕ್ಕೆ ಬಂದಿಲ್ಲ.

ಆಟವಾಡದವರು ಈ ಕೃತಿಯನ್ನು 'ಅಂತರಿಕ್ಷದಲ್ಲಿ ಸ್ಪ್ರೆಡ್‌ಶೀಟ್' ಎಂದು ಬಹುಕಾಲ ಹೀಯಾಳಿಸಿದರು. 2022ರಲ್ಲಿ ರೇಕ್ಯಾವಿಕ್‌ನಲ್ಲಿ ನಡೆದ ಅಭಿಮಾನಿಗಳ ಸಮಾವೇಶದಲ್ಲಿ ಕಂಪನಿ ವೇದಿಕೆಯೇರಿ ಮೈಕ್ರೋಸಾಫ್ಟ್ ಜೊತೆಗಿನ ಒಪ್ಪಂದವನ್ನು ಘೋಷಿಸಿತು: ಆಟದ ಲೆಕ್ಕವೆಲ್ಲ ಇನ್ನು ಮುಂದೆ ನೇರವಾಗಿ ಎಕ್ಸೆಲ್‌ಗೆ ಇಳಿಯುತ್ತದೆ. ಸಭಾಂಗಣದಲ್ಲಿ ಹರ್ಷೋದ್ಗಾರ ಮೊಳಗಿತು. ಮರುವರ್ಷ ಆ ಸೌಲಭ್ಯ ಬಂದೇಬಿಟ್ಟಿತು. ಈಗ ಜೀಟಾದ ದರ ನೋಡಲು ನೌಕೆ ಹತ್ತಬೇಕೆಂದೂ ಇಲ್ಲ.