ಮೆಟ್ಟಿಲ ಕೆಳಗಿನ ಪೆಟ್ಟಿಗೆ: ಮನೆಯಲ್ಲಿ ಸರ್ವರ್ ಕಟ್ಟಿದವರಿಗೊಂದು ಬಹಿರಂಗ ಪತ್ರ

ಮನೆಯಲ್ಲೇ ಸ್ಟೋರೇಜ್ ಸರ್ವರ್ ಕಟ್ಟಿ ನಡೆಸುತ್ತಿರುವ ಗೆಳೆಯರೇ,

ಕಳೆದ ಮಳೆಗಾಲದಲ್ಲಿ ಶಿವಮೊಗ್ಗದಿಂದ ಒಂದು ಫೋನ್ ಬಂತು. ತೀರಿಹೋದ ಗೆಳೆಯನ ಹೆಂಡತಿ ಮಾತಾಡಿದರು. "ಮೆಟ್ಟಿಲ ಕೆಳಗಿರೋ ಇವರ ಪೆಟ್ಟಿಗೇನ ಆಫ್ ಮಾಡಬಹುದಾ? ಯಾರೂ ಮುಟ್ಟಬೇಡಿ ಅಂತಿದ್ರು, ಹಾಗಾಗಿ ಮುಟ್ಟಿಲ್ಲ. ಈಗ ಒಳಗಿಂದ ಟಕ್ ಟಕ್ ಅಂತ ಸದ್ದು ಬರ್ತಿದೆ. ಫೋಟೋಗಳೂ ಕಾಣ್ತಿಲ್ಲ."

ಅವನು ಹೋಗಿ ಹನ್ನೊಂದು ತಿಂಗಳಾಗಿತ್ತು. ಆಫ್ ಮಾಡಬೇಡಿ ಅತ್ತಿಗೆ, ನಾನೇ ಬರ್ತೀನಿ ಎಂದು ಹೇಳಿ ಮರುದಿನ ಹೊರಟೆ.

ಆ ಪೆಟ್ಟಿಗೆ ನನಗೆ ಹೊಸದಲ್ಲ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗವನ್ನು ನಿಲ್ಲಿಸಿ ಹೊಸದಾಗಿ ಏರಿಸುವುದನ್ನು 15 ಜಿಬಿ ಲೆಕ್ಕಕ್ಕೆ ತಂದಾಗ ನಾವಿಬ್ಬರೂ ಒಟ್ಟಿಗೇ ಈ ಹಾದಿ ಹಿಡಿದವರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಹಳೆಯ ಡೆಸ್ಕ್‌ಟಾಪ್ ಒಂದನ್ನು ಹುಡುಕಿದೆವು. ನಾಲ್ಕು ಡಿಸ್ಕ್ ಮಾತ್ರ ಹೊಸವು, ತಲಾ 4 ಟಿಬಿ. ಡಿಸ್ಕ್ ಮಾತ್ರ ಸೆಕೆಂಡ್‌ಹ್ಯಾಂಡ್ ಬೇಡ ಎಂದು ಹಟ ಹಿಡಿದವನು ಅವನೇ. ಟ್ರೂನ್ಯಾಸ್ ಹಾಕಿ, ಅದರ ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್‌ನಲ್ಲಿ ನಾಲ್ಕನ್ನೂ ಸೇರಿಸಿ ರೇಡ್-ಝಡ್1 ಕಟ್ಟಿದ. ಒಂದು ಡಿಸ್ಕ್ ಸತ್ತರೂ ಏನೂ ಕಳೆಯದು, ಉಳಿಯುವ ಜಾಗ ಲೆಕ್ಕಕ್ಕೆ 12 ಟಿಬಿ. ಯುಪಿಎಸ್ ಇಟ್ಟ. ತಿಂಗಳಿಗೊಮ್ಮೆ ಎಲ್ಲ ಡಿಸ್ಕನ್ನೂ ಓದಿ ತಾಳೆ ನೋಡುವ ಸ್ಕ್ರಬ್ ಹಚ್ಚಿದ. ಏನಾದರೂ ಕೆಟ್ಟರೆ ತನಗೆ ಇಮೇಲ್ ಬರುವಂತೆ ಮಾಡಿದ. ಮನೆಯವರ ಫೋಟೋಗಳಿದ್ದ ಡೇಟಾಸೆಟ್ಟಿಗೆ ಪಾಸ್‌ಫ್ರೇಸ್ ಹಾಕಿ ಎನ್‌ಕ್ರಿಪ್ಟ್ ಮಾಡಿದ, ಕಳ್ಳ ಡಿಸ್ಕನ್ನು ಹೊತ್ತೊಯ್ದರೂ ಮಗಳ ಚಿತ್ರ ಪರರ ಕೈಗೆ ಸಿಗಬಾರದೆಂದು. ನಿಮ್ಮಲ್ಲಿ ಹಲವರು ಮಾಡಿರುವುದೂ ಇದನ್ನೇ. ಇದರಲ್ಲಿ ಒಂದೂ ತಪ್ಪಿಲ್ಲ.

ಅಲ್ಲಿ ಹೋಗಿ ನೋಡಿದಾಗ ತಿಳಿದದ್ದು ಇಷ್ಟು. ಗುಡುಗು ಶುರುವಾದರೆ ಟಿವಿ, ಫ್ರಿಜ್ಜುಗಳ ಪ್ಲಗ್ ಕೀಳುವುದು ಮಲೆನಾಡಿನ ಮನೆಗಳ ರೂಢಿ. ಅವನು ಹೋದ ಮೇಲಿನ ಮೊದಲ ಗುಡುಗಿಗೆ ಅತ್ತಿಗೆಯ ಅತ್ತೆಯವರು ಯುಪಿಎಸ್‌ನ ಪ್ಲಗ್ಗನ್ನೂ ಕಿತ್ತರು. ಬ್ಯಾಟರಿ ಇಳಿಯುತ್ತಿದ್ದಂತೆ ಸರ್ವರ್ ತಾನಾಗಿ ಮಲಗಿತು. ಬೆಳಿಗ್ಗೆ ಪ್ಲಗ್ ಹಾಕಿದಾಗ ಎದ್ದಿತು. ಆದರೆ ಪಾಸ್‌ಫ್ರೇಸ್ ಹಾಕಿದ ಡೇಟಾಸೆಟ್ ಪ್ರತಿ ಸಲ ಯಂತ್ರ ಎದ್ದಾಗಲೂ ಬೀಗ ಹಾಕಿಕೊಂಡೇ ಇರುತ್ತದೆ. ಯಾರಾದರೂ ಪಾಸ್‌ಫ್ರೇಸ್ ಕೊಟ್ಟು ತೆರೆಯಬೇಕು. ಅವನಿದ್ದಾಗ ಆ ಕೆಲಸ ನಡೆಯುತ್ತಿದ್ದುದು ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಫೋಟೋಗಳು ಅಳಿಸಿಹೋದವು ಎಂದುಕೊಂಡು ಅವರು ಸುಮ್ಮನಾದರು.

ಡಿಸ್ಕ್ ಒಂದು ಸತ್ತು ಏಳು ತಿಂಗಳಾಗಿತ್ತು. ಸರ್ವರ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತ್ತು. ಪೂಲ್ ಡಿಗ್ರೇಡ್ ಆಗಿದೆ, ಡಿಸ್ಕ್ ಬದಲಿಸಿ ಎಂದು ಇಮೇಲ್ ಕಳಿಸಿತ್ತು. ಆ ಇಮೇಲ್ ಹೋದದ್ದು ಅವನ ವಿಳಾಸಕ್ಕೆ. ತೆರೆಯುವವರಿಲ್ಲದ ಆ ಇನ್‌ಬಾಕ್ಸಿನಲ್ಲಿ ಏಳು ತಿಂಗಳ ಎಚ್ಚರಿಕೆ ಸಾಲಾಗಿ ಬಿದ್ದಿತ್ತು. ಈಗ ಟಕ್ ಟಕ್ ಎನ್ನುತ್ತಿದ್ದದ್ದು ಎರಡನೆಯ ಡಿಸ್ಕ್.

ಮೊದಲು ಹೊಸ ಡಿಸ್ಕ್ ಹಾಕಿ ರೀಸಿಲ್ವರ್ ಮಾಡಿಸೋಣವೆಂದು ಕೈ ಹೋಯಿತು. ತಡೆದುಕೊಂಡೆ. ಹೊಸದನ್ನು ತುಂಬಲು ಉಳಿದ ಡಿಸ್ಕುಗಳಲ್ಲಿರುವ ಡೇಟಾವನ್ನೆಲ್ಲ ಓದಬೇಕಾಗುತ್ತದೆ. ಸಾಯಲು ಹೊರಟ ಡಿಸ್ಕ್ ಆ ಹೊರೆಯಲ್ಲೇ ಸಾಯಬಹುದು. ಪೇಟೆಗೆ ಹೋಗಿ ಎಕ್ಸ್‌ಟರ್ನಲ್ ಡಿಸ್ಕ್ ತಂದು, ಬೀಗವಿಲ್ಲದ್ದನ್ನೆಲ್ಲ ಮೊದಲು ಅದಕ್ಕೆ ಇಳಿಸಿಕೊಂಡೆ. ಅವನ ತಂದೆ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ ತಾಳಮದ್ದಲೆಗಳನ್ನು ಅವನು ವರ್ಷಗಟ್ಟಲೆ ಕೂತು ಕಂಪ್ಯೂಟರಿಗೆ ಏರಿಸಿದ್ದ. ಅವು ತೆರೆದ ಶೇರ್‌ನಲ್ಲಿದ್ದವು. ಮೂರು ಫೈಲ್ ಬಿಟ್ಟು ಉಳಿದವೆಲ್ಲ ಸಿಕ್ಕವು. ಯಾವ ಮೂರು ಫೈಲ್ ಹೋದವೆಂದು ಝಡ್‌ಎಫ್‌ಎಸ್ ಹೆಸರು ಹಿಡಿದು ಹೇಳಿತು.

ಫೋಟೋಗಳ ಡೇಟಾಸೆಟ್ ತೆರೆಯಲಿಲ್ಲ. ಎರಡು ದಿನ ಅತ್ತಿಗೆ, ಮಗಳು, ನಾನು ಮೂವರೂ ಕೂತು ಊಹಿಸಿದೆವು: ಮನೆಯ ಹೆಸರು, ಮಗಳ ಹೆಸರು, ಮದುವೆಯ ದಿನ, ಅವನ ಮೊದಲ ಬೈಕಿನ ನಂಬರ್. ಕೊಟ್ಟ ಪ್ರತಿಯೊಂದು ಪದವನ್ನೂ ಝಡ್‌ಎಫ್‌ಎಸ್ ಸಾಮಾನ್ಯವಾಗಿ 3,50,000 ಸುತ್ತು ಅರೆದು ಕೀಲಿ ಮಾಡಿ ನೋಡುತ್ತದೆ, ಯಾರೂ ಊಹೆಯಿಂದ ಬೀಗ ತೆಗೆಯಬಾರದೆಂದೇ. ಹಿಂಬಾಗಿಲು ಇಲ್ಲ. ಇರಲೂಬಾರದು. ಆದರೆ ಹತ್ತನೆಯ ಕ್ಲಾಸಿನ ಆ ಹುಡುಗಿ, "ಅಂಕಲ್, ಅಪ್ಪನ ವೀಡಿಯೋ ಒಂದಾದ್ರೂ ಸಿಗುತ್ತಾ?" ಎಂದು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಊರಿಗೆ ಮರಳುವಾಗ ದಾರಿಯುದ್ದಕ್ಕೂ ಇದೇ ಯೋಚನೆ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಈ ಮೂವರು 1988ರಲ್ಲಿ ರೇಡ್ ಕುರಿತ ಪ್ರಬಂಧ ಬರೆದದ್ದು, ಅಗ್ಗದ ಡಿಸ್ಕ್ ಸತ್ತೇ ಸಾಯುತ್ತದೆ, ಆ ಸಾವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಬೇಕು ಎಂಬ ತಿಳಿವಿನಿಂದ. ಸನ್ ಕಂಪನಿಯಲ್ಲಿ ಜೆಫ್ ಬಾನ್‌ವಿಕ್, ಮ್ಯಾಥ್ಯೂ ಆರೆನ್ಸ್ ಮತ್ತವರ ತಂಡ ಝಡ್‌ಎಫ್‌ಎಸ್ ಕಟ್ಟಿದ್ದು, ಸಾಯದ ಡಿಸ್ಕ್ ಕೂಡ ಸದ್ದಿಲ್ಲದೆ ತಪ್ಪು ಓದಿ ಹೇಳಬಹುದು ಎಂಬ ಎಚ್ಚರದಿಂದ. ಅದು 2005ರಲ್ಲಿ ಓಪನ್‌ಸೋರ್ಸ್ ಆಯಿತು. ಅದೇ ವರ್ಷ ಒಲಿವಿಯೆ ಕೊಶಾರ್-ಲಾಬೆ ಫ್ರೀನ್ಯಾಸ್ ಶುರುಮಾಡಿದರು. ಇಂದಿನ ಟ್ರೂನ್ಯಾಸ್ ಅದರ ಮುಂದುವರಿಕೆ. ಇವರೆಲ್ಲರ ದುಡಿಮೆ ಇಂದು ನಮ್ಮ ಮನೆಯ ಮೂಲೆಗೆ ಬಿಟ್ಟಿಯಾಗಿ ಬಂದಿದೆ, ನಾನು ಅವರಿಗೆ ಋಣಿ. ಡಿಸ್ಕಿನ ಸಾವಿಗೆ, ಕರೆಂಟಿನ ಸಾವಿಗೆ ಅವರು ದಾರಿ ಮಾಡಿಕೊಟ್ಟಿದ್ದಾರೆ. ನಡೆಸುವವನ ಸಾವಿಗೆ ದಾರಿ ಮಾಡಬೇಕಾದವರು ನಾವು. ನಾವು ಮಾಡಿಲ್ಲ. ನಾಲ್ಕು ಡಿಸ್ಕಿನಲ್ಲಿ ಒಂದನ್ನು ಹೆಚ್ಚುವರಿ ಇಟ್ಟೆವು, ಪಾಸ್‌ವರ್ಡ್ ಬಲ್ಲವನು ಮಾತ್ರ ಒಬ್ಬನೇ.

ದುಡ್ಡು ಕೊಟ್ಟು ಕ್ಲೌಡ್ ಬಳಸಿದ್ದರೆ ಈ ಕಷ್ಟ ಇರುತ್ತಿರಲಿಲ್ಲ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಖಾತೆ ಇಷ್ಟು ತಿಂಗಳು ಸುಮ್ಮನಿದ್ದರೆ ಇಂಥವರಿಗೆ ಕೊಡಿ ಎಂದು ಮೊದಲೇ ಬರೆದಿಡುವ ಅನುಕೂಲವನ್ನು ಗೂಗಲ್ 2013ರಲ್ಲೇ ತಂದಿತು. ನಮ್ಮ ಮುಖ ನೋಡದ ಕಂಪನಿ ಯೋಚಿಸಿದ್ದನ್ನು, ಅದೇ ಮನೆಯಲ್ಲಿ ಉಂಡು ಮಲಗುವ ನಾವು ಯೋಚಿಸಿಲ್ಲ. ಆದರೂ ಮನೆಯ ಸರ್ವರ್ ಬಿಡಿ ಎಂದು ನಾನು ಹೇಳಲಾರೆ. ನನ್ನದೂ ಓಡುತ್ತಿದೆ. ಸರಾಸರಿ 35 ವಾಟ್ ಎಳೆಯುವ ಯಂತ್ರಕ್ಕೆ ತಿಂಗಳಿಗೆ ಸುಮಾರು 25 ಯೂನಿಟ್ ಬೇಕು. ಗೃಹಜ್ಯೋತಿ ಉಚಿತ ವಿದ್ಯುತ್ತಿನ ಮಿತಿಯ ಅಂಚಿನಲ್ಲಿರುವ ಮನೆಗೆ ಅದೂ ಹೊರೆಯೇ. ಅತ್ತಿಗೆ ಹನ್ನೊಂದು ತಿಂಗಳು ಆ ಬಿಲ್ಲನ್ನು ಕಟ್ಟಿದ್ದರು, ಅವನು ಮುಟ್ಟಬೇಡಿ ಎಂದಿದ್ದನೆಂಬ ಒಂದೇ ಕಾರಣಕ್ಕೆ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಇದು. ಒಂದು ಹಾಳೆ ತೆಗೆದುಕೊಳ್ಳಿ, ಪೆನ್ನಿನಲ್ಲಿ ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ಪೆಟ್ಟಿಗೆ ಎಲ್ಲಿದೆ, ಅದರಲ್ಲಿ ಏನಿದೆ, ಆರಿಸುವುದು ಹೇಗೆ, ಹೊತ್ತಿಸಿದ ಮೇಲೆ ಯಾವ ಪಾಸ್‌ಫ್ರೇಸ್ ಎಲ್ಲಿ ಕೊಡಬೇಕು, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಅದನ್ನು ಮನೆಪತ್ರ, ಎಲ್‌ಐಸಿ ಬಾಂಡುಗಳ ಜೊತೆ ಬೀರುವಿನಲ್ಲಿಡಿ, ಇಟ್ಟದ್ದನ್ನು ಮನೆಯವರಿಗೆ ತೋರಿಸಿ. ಎಚ್ಚರಿಕೆಯ ಇಮೇಲ್ ಇಬ್ಬರಿಗೆ ಹೋಗಲಿ. ರೇಡ್ ಇದೆಯೆಂದು ಬ್ಯಾಕಪ್ ಬಿಡಬೇಡಿ. ಫೋಟೋಗಳನ್ನಷ್ಟೇ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ, ಯಾವ ಕಂಪ್ಯೂಟರಿಗೆ ಚುಚ್ಚಿದರೂ ಕಾಣುವಂಥ ಎಕ್ಸ್‌ಫ್ಯಾಟ್‌ನಲ್ಲಿ, ಮೂರು ತಿಂಗಳಿಗೊಮ್ಮೆ ಇಳಿಸಿ ತಂಗಿಯ ಮನೆಯಲ್ಲೋ ತವರಿನಲ್ಲೋ ಇಡಿ. ಆ ಡಿಸ್ಕಿಗೆ ಬೀಗ ಬೇಡ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಹಾಕಿ, ಆದರೆ ಕೀಲಿಯನ್ನು ಅದೇ ಹಾಳೆಯಲ್ಲಿ ಬರೆಯಿರಿ.

ಇನ್ನೊಂದು. ವರ್ಷಕ್ಕೊಂದು ಭಾನುವಾರ ನೀವು ಮನೆಯಿಂದ ಹೊರಗೆ ಹೋಗಿ, ಫೋನ್ ಬಂದ್ ಮಾಡಿ. ಹೆಂಡತಿಯೋ ಗಂಡನೋ ಮಗಳೋ ಆ ಹಾಳೆಯೊಂದನ್ನೇ ಹಿಡಿದು ಸರ್ವರನ್ನು ಆರಿಸಿ, ಹೊತ್ತಿಸಿ, ಹಳೆಯ ಫೋಟೋ ಒಂದನ್ನು ತೆಗೆಯಲಿ. ನಮ್ಮ ಮನೆಯಲ್ಲಿ ಮೊದಲ ಸಲ ನನ್ನವಳಿಗೆ ಆಗಲಿಲ್ಲ. ನಾನು ಬರೆದ ಐಪಿ ವಿಳಾಸ ಹಳೆಯದಾಗಿತ್ತು. ತಿದ್ದಿದೆವು. ಎರಡನೆಯ ಸಲ ಇಪ್ಪತ್ತು ನಿಮಿಷದಲ್ಲಿ ಅವಳು ನಮ್ಮ ಮದುವೆಯ ಫೋಟೋ ತೆರೆದಿದ್ದಳು.

ಶಿವಮೊಗ್ಗದ ಸರ್ವರಿಗೆ ಆಮೇಲೆ ಎರಡು ಹೊಸ ಡಿಸ್ಕ್ ಹಾಕಿಕೊಟ್ಟೆ. ಬೀಗ ಬಿದ್ದ ಡೇಟಾಸೆಟ್ ಅದರಲ್ಲಿ ಹಾಗೆಯೇ ಇದೆ, 1.8 ಟಿಬಿ. ಎಚ್ಚರಿಕೆಯ ಇಮೇಲ್ ಈಗ ಅವನ ಮಗಳಿಗೂ ನನಗೂ ಬರುತ್ತದೆ. ಹೊಸ ಪದವೇನಾದರೂ ನೆನಪಾದರೆ ಅವಳೇ ಹಾಕಿ ನೋಡುತ್ತಾಳೆ.

ಇಂತಿ,
ನಿಮ್ಮಲ್ಲೊಬ್ಬ