ಟಾರಪ್ಪ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಈ ನಾಲ್ಕು ತಾಲ್ಲೂಕಿನ ಯಾವ ಊರಿಗೆ ಹೋದರೂ ಟಾರಪ್ಪ ಸಿಗುತ್ತಾನೆ. ಮನೆಯವರು ಇಟ್ಟ ಹೆಸರು ಬೇರೆ, ಊರವರು ಇಟ್ಟದ್ದು ಇದು. ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕ ವರ್ಷ ಅಪ್ಪನನ್ನು ಒಪ್ಪಿಸಿ, ಬ್ಯಾಂಕಿನವರನ್ನೂ ಒಪ್ಪಿಸಿ, 50 ಎಚ್‌ಪಿಯ ಫೋರ್‌ವೀಲ್ ಟ್ರ್ಯಾಕ್ಟರ್ ತಂದವನು ಇವನು. ಸಾಲದ ಅರ್ಜಿಯಲ್ಲಿ ‘ಉಳುಮೆಗೆ’ ಎಂದು ಬರೆದಿದ್ದ. ಸುಳ್ಳೇನಲ್ಲ, ಏನನ್ನು ಉಳುವುದು ಎಂದು ಅರ್ಜಿಯಲ್ಲಿ ಕೇಳಿರಲಿಲ್ಲ, ಅಷ್ಟೆ.

ಡೇರಿಗೆ ಅರ್ಧ ಕ್ಯಾನು ಹಾಲು ಹಾಕಲು ಟ್ರ್ಯಾಕ್ಟರ್. ಕಟಿಂಗಿಗೆ ಬಿಳಿಕೆರೆಗೆ ಟ್ರ್ಯಾಕ್ಟರ್. ಹ್ಯಾಂಡ್‌ಪೋಸ್ಟಿನಲ್ಲಿ ಟೀ ಕುಡಿಯಲು ಟ್ರ್ಯಾಕ್ಟರ್. ಮನೆಯಲ್ಲಿ ಬೈಕಿದೆ. ಆದರೆ ಬೈಕಿನ ಮೇಲೆ ಕೂತವನು ಊರವರನ್ನು ಸಮಸಮ ನೋಡಬೇಕು, ಟ್ರ್ಯಾಕ್ಟರಿನ ಸೀಟಿನಿಂದ ಎಲ್ಲರ ನೆತ್ತಿಯೂ ಕಾಣುತ್ತದೆ. ಮಡ್‌ಗಾರ್ಡಿನ ಎರಡೂ ಕಡೆ ಸೌಂಡ್ ಬಾಕ್ಸು, ಹಿಂದುಗಡೆ ‘ಅನ್ನದಾತ’ ಎಂಬ ಸ್ಟಿಕ್ಕರು. ಗಂಟೆಗೆ ಮೂವತ್ತು ಕಿಲೋಮೀಟರಿಗೇ ಏದುಸಿರು ಬಿಡುವ ಗಾಡಿ. ಹಿಂದೆ ಮಡಿಕೇರಿ ಬಸ್ಸು ಎಷ್ಟು ಹಾರ್ನು ಹೊಡೆದರೂ ಇವನ ಕಿವಿಗೆ ಅದು ಹಾಡಿನೊಳಗಿನ ತಮಟೆ.

ಇವನ ನಿಜವಾದ ಚರಿತ್ರೆ ಗೊತ್ತಿರುವುದು ಗ್ಯಾರೇಜಿನ ಮೇಸ್ತ್ರಿಗೆ. ‘ಅಲ್ಲ ಕಣ್ಲಾ, ಟಾರ್ ರೋಡಲ್ಲೂ ಫೋರ್‌ವೀಲ್ ಹಾಕ್ಕಂಡೇ ಓಡುಸ್ತೀಯಲ್ಲ!’ ಎಂದು ಅವರು ತಲೆ ಚಚ್ಚಿಕೊಳ್ಳುತ್ತಾರೆ. ಮುಂದಿನ ಚಕ್ರ ಹಿಂದಿನದಕ್ಕಿಂತ ಒಂದಿಷ್ಟು ಜೋರಾಗಿ ಎಳೆಯುವ ಹಾಗೆ ಅದರ ಗೇರನ್ನು ಕೂಡಿಸಿರುತ್ತಾರೆ. ಹೊಲದಲ್ಲಾದರೆ ಮಣ್ಣು ಚೂರು ಜಾರಿ ಹೊಂದಿಸಿಕೊಳ್ಳುತ್ತದೆ. ಟಾರು ಹೊಂದಿಸಿಕೊಳ್ಳುವ ಪೈಕಿಯಲ್ಲ. ಆಗ ಟೈರು ಸವೆಯಬೇಕು, ಇಲ್ಲ ಒಳಗಿನ ಗೇರು ನರಳಬೇಕು. ಟಾರಪ್ಪನ ಗಾಡಿಯಲ್ಲಿ ಎರಡೂ ಒಟ್ಟಿಗೇ ಆಗುತ್ತವೆ. ಹೊಲದಲ್ಲಿ ಬಿಗಿ ತಿರುವಿಗೆಂದು ಎಡಬಲದ ಬ್ರೇಕು ಬೇರೆಬೇರೆ ಇರುತ್ತವೆ, ರೋಡಿಗೆ ಬಂದರೆ ಎರಡಕ್ಕೂ ಕೊಂಡಿ ಹಾಕಬೇಕು. ಇವನು ಕೊಂಡಿ ಹಾಕುವುದಿಲ್ಲ. ಒಂಟಿ ಬ್ರೇಕಿನಲ್ಲಿ ಗಾಡಿ ಗಿರ್ರನೆ ತಿರುಗುವುದು ಬಸ್‌ಸ್ಟ್ಯಾಂಡಿನ ಹುಡುಗರಿಗೆ ಕಾಣಬೇಕಲ್ಲ!

ಕೆ.ಆರ್. ನಗರದ ಕಡೆ ನಾಲೆಗೆ ನೀರು ಬಿಟ್ಟರೆ ಇವನ ಸೋದರಮಾವನ ಗದ್ದೆಯಲ್ಲಿ ಕೆಸರಿನ ಕೆಲಸ. ಅದಕ್ಕೆ ಕೇಜ್‌ವೀಲ್ ಕಟ್ಟುತ್ತಾನೆ, ಸರಿಯೇ. ಆದರೆ ಮುಂದಿನ ಗದ್ದೆಗೆ ಹೋಗುವಾಗ ಬಿಚ್ಚಲು ಸೋಮಾರಿತನ. ಕಬ್ಬಿಣದ ಪಟ್ಟಿಗಳು ಹೊಸ ರಸ್ತೆಯ ಮೇಲೆ ಸಾಲು ಹೊಡೆಯುತ್ತವೆ, ಬೇರಿಂಗು, ನಟ್ಟು, ಬೋಲ್ಟು, ಕೂತವನ ಸೊಂಟ ಎಲ್ಲವೂ ಅಲ್ಲಾಡಿ ಹೋಗುತ್ತವೆ. ಕೇಜ್‌ವೀಲ್ ರೋಡಿಗೆ ಇಳಿಸಬಾರದೆಂದು ಕಾನೂನಿದೆ ಎಂದರೆ, ‘ಅದು ಟ್ರ್ಯಾಕ್ಟರಿಗೆ ಗೊತ್ತಾ?’ ಎನ್ನುತ್ತಾನೆ. ಮಾರನೇ ದಿನ ಅದೇ ರಸ್ತೆಯಲ್ಲಿ ನಿಂತು, ‘ಕಂಟ್ರಾಕ್ಟರು ದುಡ್ಡು ನುಂಗವ್ನೆ ಕಣಣ್ಣ, ಟಾರೇ ಹಾಕಿಲ್ಲ’ ಎಂದು ದೂರುವವನೂ ಇವನೇ.

ಈಚೆಗೆ ಕಬಿನಿ ಹಿನ್ನೀರಿನ ಕಡೆ ಹೋಗಿ ರೆಸಾರ್ಟಿನವರ ಕ್ವಾಡ್ ಬೈಕು ನೋಡಿ ಬಂದಿದ್ದಾನೆ. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್ಲು. ‘ಸೆಕೆಂಡ್‌ಹ್ಯಾಂಡ್ ಸಿಕ್ರೆ ಮೈಸೂರಿಗೆ ಅದ್ರಲ್ಲೇ ಹೋಗ್ಬೋದಲ್ವಾ ಮೇಸ್ತ್ರೀ?’

ಮೇಸ್ತ್ರಿ ಬೀಡಿ ಕೆಳಗಿಟ್ಟರು. ‘ಅದುಕ್ಕೆ ಹಿಂದ್ಗಡೆ ಡಿಫರೆನ್ಷಿಯಲ್ಲೇ ಇಲ್ಲ ಕಣಪ್ಪ. ಒಂದೇ ಆಕ್ಸಲ್ಲು, ಎರಡೂ ಚಕ್ರ ಒಂದೇ ಸಮ ಸುತ್ತಬೇಕು. ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗ್ಬೇಕಲ್ಲ? ಮಣ್ಣಲ್ಲಾದ್ರೆ ಜಾರ್‍ಕಂತದೆ. ಟಾರಲ್ಲಿ ಉಜ್ಜುತದೆ, ಇಲ್ಲಾ ಗಾಡಿ ಮಗುಚ್ತದೆ. ಟೈರಿಗೆ ಗಾಳಿ ಐದಾರು ಪಾಯಿಂಟು, ಮೆತ್ತನೆ ರಬ್ಬರು. ಬಟನ್ನೆಲ್ಲ ಇಲವಾಲದೊಳಗೆ ಮಾಯ. ಚೈನು, ಬೇರಿಂಗು ಆಮೇಲಿನ ಮಾತು. ರಿಜಿಸ್ಟ್ರೇಶನ್ನೂ ಆಗಲ್ಲ.’

ಇಷ್ಟರಲ್ಲಿ ಟಾರಪ್ಪನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ‘ಅಂದ್ರೆ ಟ್ಯಾಕ್ಸೂ ಇಲ್ವಾ?’

ಅಪ್ಪನಿಗೆ ಟ್ರ್ಯಾಕ್ಟರಿನ ಈ ತಿರುಗಾಟದ ವಾಸನೆ ಹತ್ತಿದ್ದು ಅವರ್ ಮೀಟರಿನಿಂದ. ಟ್ರ್ಯಾಕ್ಟರಿನ ಆಯಸ್ಸನ್ನು ಅಳೆಯುವುದು ಕಿಲೋಮೀಟರಿನಲ್ಲಲ್ಲ, ಗಂಟೆಯಲ್ಲಿ. ‘ಇರೋದು ನಾಕೆಕ್ರೆ. ಇದೇನ್ಲಾ ಎಂಟ್ನೂರು ಗಂಟೆ? ಕಬಿನಿ ಕಟ್ಟೆ ಏನಾದ್ರೂ ಉತ್ಯಾ?’

ಮೇ ತಿಂಗಳ ಮಳೆ ಬಿತ್ತು, ಹೊಗೆಸೊಪ್ಪಿನ ಸಸಿ ನೆಡುವ ಹೊತ್ತು. ಟಾರಪ್ಪ ಹೊಲಕ್ಕೆ ಗಾಡಿ ಇಳಿಸಿದ. ಬಟನ್ ಸವೆದ ಟೈರು ಒಂದೇ ಕಡೆ ಗರಗರ ತಿರುಗಿ ಆಕ್ಸಲ್‌ವರೆಗೆ ಹೂತುಕೊಂಡಿತು. ಕೊನೆಗೆ ಪಕ್ಕದೂರಿನ ಟ್ರ್ಯಾಕ್ಟರು ಬಾಡಿಗೆಗೆ ಬಂತು. ಹತ್ತು ವರ್ಷದ ಹಳೇ ಗಾಡಿ, ಸ್ಟಿಕ್ಕರಿಲ್ಲ, ಹಾಡಿಲ್ಲ, ಟೈರಿನಲ್ಲಿ ಬಟನ್ನು ಎದ್ದು ನಿಂತಿದೆ. ಅದು ಮೊದಲು ಇವನ ಗಾಡಿಯನ್ನು ಎಳೆದು ಹಾಕಿತು, ಆಮೇಲೆ ಹೊಲ ಉತ್ತಿತು. ಬದುವಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ ಟಾರಪ್ಪ, ದುಡ್ಡು ಎಣಿಸಿ ಕೊಡುತ್ತಾ ಡ್ರೈವರಿಗೆ ಬುದ್ಧಿ ಹೇಳಿದ: ‘ಅಣ್ಣೋ, ವಾಪಸ್ ಹೋಗ್ತಾ ಟಾರ್ ರೋಡಲ್ಲಿ ಹುಷಾರು. ಟೈರು ಬಲು ಬೇಗ ಸವೀತವೆ.’