ಕೀ ಕೊಟ್ರೆ ಓಡುತ್ತಾ ಸ್ವಾಮಿ?

ಶನಿವಾರ ಬೆಳಿಗ್ಗೆ ಕೈಚೀಲ ಹಿಡ್ಕೊಂಡು ಶನಿವಾರಸಂತೆಗೆ ಬಂದಿದ್ದೀರಲ್ಲ, ನಿಜ ಹೇಳಿ, ಹಸಿಮೆಣಸಿನಕಾಯಿಗೇನಾ? ಮನೇಲಿ ಹಾಗೆ ಹೇಳಿ ಹೊರಟಿರಬಹುದು. ಆದ್ರೆ ಮೆಣಸಿನಕಾಯಿ ರಾಶಿ ಮುಂದೆ ನಿಂತವರ ಕಣ್ಣು ಆ ಮೂಲೇಲಿ ಟಾರ್ಪಾಲು ಹಾಸಿ ಕೂತವನ ಕಡೆಗೇ ಯಾಕೆ ಜಾರುತ್ತೆ? ಅಲ್ಲಿರೋದು ತುಕ್ಕು ಹಿಡಿದ ಬೀಗ, ಜೋಡಿ ಕಳಕೊಂಡ ಸ್ಪ್ಯಾನರು, ಯಾವ ಟಿವಿಗೂ ಆಗದ ರಿಮೋಟು. ಅವುಗಳ ಅಡಿಯಲ್ಲಿ ಮೂರ್ನಾಲ್ಕು ಹಳೇ ವಾಚು. ಸಿಕ್ಕಿಬಿದ್ರಿ ನೋಡಿ!

ನಾಚ್ಕೋಬೇಡಿ. ಈ ರೋಗ ನಿಮಗೊಬ್ಬರಿಗೇ ಬಂದಿದ್ದಲ್ಲ. ಇಂಗ್ಲೆಂಡಲ್ಲಿರೋ ಅಳಿಯನೋ ತಮ್ಮನ ಮಗನೋ ವಿಡಿಯೋ ಕಾಲಲ್ಲಿ ಹಚ್ಚಿರ್ತಾನೆ. ಅಲ್ಲಿ ಚಾರಿಟಿ ಶಾಪ್ ಅಂತ ಇರುತ್ತೆ, ಜನ ತಮಗೆ ಬೇಡದ್ದನ್ನ ಪುಕ್ಕಟೆ ಕೊಟ್ಟು ಹೋಗ್ತಾರೆ, ಮಾರಿ ಬಂದ ದುಡ್ಡು ಧರ್ಮಕ್ಕೆ ಹೋಗುತ್ತೆ. ಆಕ್ಸ್‌ಫ್ಯಾಮ್ ಸಂಸ್ಥೆಯವರು 1940ರ ದಶಕದ ಕೊನೆಯಲ್ಲೇ ಇಂಥ ಅಂಗಡಿ ತೆಗೆದಿದ್ರು. ಅಲ್ಲಿ ಅವನಿಗೆ ಐದು ಪೌಂಡಿಗೆ ಸ್ವಿಸ್ ವಾಚು ಸಿಕ್ತಂತೆ. ಅವತ್ತಿಂದ ನಿಮಗೆ ನಿದ್ದೆ ಇಲ್ಲ. ಹೌದಾ ಅಲ್ವಾ?

ನಮ್ಮ ಕಡೆ ಅಂಥ ಅಂಗಡಿ ಎಲ್ಲಿಂದ ಬರಬೇಕು? ನಮ್ಮ ದಾನಧರ್ಮ ನಡೆಯೋದೇ ಗುಜರಿಯವನ ಸೈಕಲ್ ಮೇಲೆ. ಹಳೇ ಪೇಪರು, ಒಡೆದ ಕೊಡ, ಕೆಟ್ಟ ರೇಡಿಯೋ, ಜೊತೆಗೆ ತೀರಿಹೋದ ದೊಡ್ಡಪ್ಪನ ವಾಚು, ಎಲ್ಲಾ ಒಟ್ಟಿಗೆ ತೂಕಕ್ಕೆ ಹಾಕಿ ಬದಲಿಗೆ ಒಂದು ಪ್ಲಾಸ್ಟಿಕ್ ಬಕೆಟ್ ಈಸ್ಕೋತೀವಿ. (ಆ ಬಕೆಟ್ಟಿನ ಹಿಡಿ ಒಂದೇ ಮಳೆಗಾಲಕ್ಕೆ ಕಿತ್ತು ಬಂತು, ಅದು ಬೇರೆ ಮಾತು.) ಆಮೇಲೆ ಬೇರೆ ಯಾರದ್ದೋ ದೊಡ್ಡಪ್ಪನ ವಾಚು ಹುಡುಕ್ಕೊಂಡು ಸಂತೆ ಸುತ್ತುತೀವಿ.

ಇರ್ಲಿ, ಬಂದಿದ್ದೀರಿ. ಮೊದಲು ಆ ಮುಖ ಸರಿ ಮಾಡ್ಕೊಳ್ಳಿ. ವಾಚು ಕಂಡ ತಕ್ಷಣ ಕಣ್ಣು ಅಷ್ಟಗಲ ಆದ್ರೆ ಐವತ್ತು ರೂಪಾಯಿದು ಐನೂರಕ್ಕೆ ಏರುತ್ತೆ. ಮೊದಲು ಬೀಗದ ರೇಟು ಕೇಳಿ. ಆಮೇಲೆ ಸ್ಪ್ಯಾನರದ್ದು. ಕೊನೆಗೆ, ‘ಇದೇನಪ್ಪಾ ಇದು, ಮಕ್ಕಳಾಟಕ್ಕೆ ಆಗುತ್ತಾ?’ ಅಂತ ವಾಚು ಎತ್ತಿ. (ಅವನು ನಿಮ್ಮಂಥೋರನ್ನ ನೂರು ಜನ ನೋಡಿದ್ದಾನೆ. ಬೀಗದ ರೇಟು ಕೇಳಿದಾಗ್ಲೇ ಅವನಿಗೆ ಗೊತ್ತಾಯ್ತು.)

ಕೈಗೆ ಬಂದದ್ದು ಎಚ್‌ಎಂಟಿ ಆಗಿರೋ ಸಾಧ್ಯತೆಯೇ ಜಾಸ್ತಿ. ಯಾಕೆ ಆಗಬಾರದು? ಅದು ನಮ್ಮ ರಾಜ್ಯದ ಕೂಸೇ ಅಲ್ವಾ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ವಾಚು ಮಾಡೋಕೆ ಶುರು ಮಾಡಿದ್ರು. ಮೊದಲ ವಾಚುಗಳನ್ನ ಬಿಡುಗಡೆ ಮಾಡಿದ್ದು ನೆಹರೂ. ಆಮೇಲೆ ತುಮಕೂರಲ್ಲೂ ಕಾರ್ಖಾನೆ ಬಂತು. ತೋಟದ ರೈಟರ ಕೈಲಿ ಜನತಾ, ಮೇಷ್ಟ್ರ ಕೈಲಿ ಸೋನಾ, ಹೊಸ ಅಳಿಯನ ಕೈಲಿ ಕಾಂಚನ್. ವಾಚು, ರೇಡಿಯೋ, ಸೈಕಲ್ಲು ಅಂತ ಪಟ್ಟಿ ಹಿಡಿದು ಹೆಣ್ಣು ನೋಡೋಕೆ ಹೋಗ್ತಿದ್ದ ಕಾಲ ಅದು. (ನಿಮ್ಮ ಮದುವೇಲಿ ಏನೇನು ಕೇಳಿದ್ರಿ ಅಂತ ನಾನು ಕೇಳಲ್ಲ. ನಿಮ್ಮ ಹೆಂಡತಿ ಕಡೆಯವರಿಗೆ ನೆನಪಿದೆ.)

ಆಮೇಲೆ 1980ರ ದಶಕದಲ್ಲಿ ಟೈಟಾನ್ ಬಂತು, ಸೆಲ್ ಹಾಕಿದ ಕ್ವಾರ್ಟ್ಜ್ ವಾಚು ಬಂತು. ಕೀ ಕೊಡೋ ವಾಚು ಕಟ್ಟೋಕೆ ನಿಮಗೇ ನಾಚಿಕೆ ಆಯ್ತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋಕೆ ಒಪ್ಪಿಗೆ ಕೊಡ್ತು. ತಗೊಳ್ಳಿ, ಅಲ್ಲೀವರೆಗೆ ಡ್ರಾಯರಿನಲ್ಲಿ ಗುಂಡುಸೂಜಿ ಜೊತೆ ಮಲಗಿದ್ದ ವಾಚಿನ ಮೇಲೆ ದಿಢೀರ್ ಅಂತ ಪ್ರೀತಿ ಉಕ್ಕಿ ಬಂತು! ಇರುವಾಗ ತಿರುಗಿ ನೋಡಲ್ಲ, ಹೋದ ಮೇಲೆ ಹಾರ ಹಾಕ್ತೀವಿ. ಇದು ವಾಚಿಗೆ ಮಾತ್ರ ಹೇಳಿದ್ದು ಅಂದ್ಕೋಬೇಡಿ.

ಸರಿ, ಪರೀಕ್ಷೆಗೆ ಬನ್ನಿ. ನೀವೇನ್ ಮಾಡ್ತೀರಿ ಅಂತ ಗೊತ್ತು: ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀರಿ. ಟಿಕ್ ಟಿಕ್ ಅಂತು, ಖುಷಿಯಾಯ್ತು. ಸ್ವಾಮಿ, ಸತ್ತ ವಾಚೂ ಅಲ್ಲಾಡಿಸಿದ್ರೆ ಅರ್ಧ ನಿಮಿಷ ಉಸಿರಾಡುತ್ತೆ. ವ್ಯಾಪಾರಿ ಅದನ್ನ ನಿಮ್ಮ ಕೈಗೆ ಕೊಡೋ ಮೊದಲು ಒಂದ್ಸಲ ಒದರಿರ್ತಾನೆ, ಗಮನಿಸಿದ್ರಾ?

ಹಾಗಾಗಿ ಮೆಲ್ಲಗೆ ಕೀ ಕೊಡಿ. ಕೈಗೆ ಬಿಗಿ ಹತ್ತುತ್ತಾ ನೋಡಿ. ಕೊನೆ ಬಂದಾಗ ತಾನೇ ನಿಲ್ಲುತ್ತೆ, ಆಮೇಲೆ ಒತ್ತಬೇಡಿ. (‘ಕೀ ಜಾಸ್ತಿ ಕೊಟ್ಟು ಕೆಡಿಸ್ದೆ’ ಅಂತ ಚಿಕ್ಕಂದಿನಲ್ಲಿ ಬೆನ್ನಿಗೆ ಬಿದ್ದ ಏಟು ನೆನಪಾಯ್ತಾ? ಬಹಳ ಸಲ ತಪ್ಪು ನಿಮ್ಮದಲ್ಲ. ಒಳಗಿನ ಎಣ್ಣೆ ಒಣಗಿ, ಅಂಟಾಗಿ, ಮಿಷನ್ ಹಿಡ್ಕೊಂಡಿರುತ್ತೆ. ಏಟು ವಾಪಸ್ ಕೊಡೋಕಾಗಲ್ಲ, ಏನ್ಮಾಡೋದು.) ಕೀ ಕೊಟ್ಟು ಅಲ್ಲೇ ಇಟ್ಟು, ಒಂದು ಟೀ ಕುಡಿದು ಬನ್ನಿ. ಬಂದಾಗ್ಲೂ ಓಡ್ತಿದ್ರೆ ಮುಂದಿನ ಮಾತು.

ಡಯಲ್ ಮೇಲೆ ‘17 ಜ್ಯುವೆಲ್ಸ್’ ಅಂತ ಓದಿ ನಿಮ್ಮ ಎದೆ ಧಸಕ್ಕಂತಲ್ಲ, ಅದು ನನಗೂ ಕೇಳಿಸ್ತು. ಹದಿನೇಳು ಕೆಂಪು! ಕಿತ್ತು ಒಂದು ಜೊತೆ ಓಲೆ ಮಾಡಿಸಬಹುದಾ ಅಂತ ಲೆಕ್ಕ ಹಾಕಿದ್ರಿ ತಾನೆ? ಸುಮ್ನಿರಿ. ಅವು ಕಾರ್ಖಾನೇಲಿ ಮಾಡಿದ ಮಾಣಿಕ್ಯ, ಸಾಸಿವೆಗಿಂತ ಸಣ್ಣವು. ಚಕ್ರದ ಅಚ್ಚು ಸವೆಯದ ಹಾಗೆ ಬೇರಿಂಗ್ ಕೆಲಸ ಮಾಡ್ತವೆ, ಅಷ್ಟೇ. ಮಾರೋಕೆ ಹೋದ್ರೆ ಅಕ್ಕಸಾಲಿಗರು ಟೀ ಕೊಟ್ಟು ಕಳಿಸ್ತಾರೆ.

ಹಾಗೇ ವಾಚು ತಿರುಗಿಸಿ ಬೆನ್ನು ಓದಿ. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಅಂದ್ರೆ ಬೆನ್ನು ಮಾತ್ರ ಸ್ಟೀಲು, ಮೈಯೆಲ್ಲಾ ಅಲ್ಲ. ‘ಗೋಲ್ಡ್ ಪ್ಲೇಟೆಡ್ 10 ಮೈಕ್ರಾನ್’ ಅಂದ್ರೆ ಮಿಲಿಮೀಟರಿನ ನೂರರಲ್ಲೊಂದು ಪಾಲು ದಪ್ಪದ ಬಂಗಾರ. ಬೆಲ್ಟು ಸಿಕ್ಕಿಸೋ ಮೂಲೆ ನೋಡಿ, ಬೆವರಿಗೆ ಬಣ್ಣ ಹೋಗಿ ಒಳಗಿನ ಬಿಳಿ ಲೋಹ ಕಾಣ್ತಿದ್ರೆ ಆ ಬಂಗಾರ ಯಾವತ್ತೋ ಯಾರದ್ದೋ ಕೈಗೆ ಅಂಟ್ಕೊಂಡು ಹೋಗಿದೆ. ‘ವಾಟರ್‌ಪ್ರೂಫ್’ ಅಂತ ಬರೆದಿದ್ರೆ ನಕ್ಕುಬಿಡಿ. ಅದನ್ನ ಬರೆದೋರು ಆಷಾಢದಲ್ಲಿ ನಮ್ಮ ಊರಿಗೆ ಬಂದಿರಲಿಲ್ಲ. ಇಲ್ಲಿ ಬೀರು ಒಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಬರುತ್ತೆ, ಗ್ಲಾಸಿನ ಒಳಗೇ ಮೋಡ ಕಟ್ಟುತ್ತೆ.

ಈಗ ದೊಡ್ಡ ಗುಟ್ಟು, ಹತ್ರ ಬನ್ನಿ. ಆ ಕಿತ್ತಳೆ ಬಣ್ಣದ ಡಯಲ್ಲಿನ ಪಳಪಳ ಜನತಾ ನೋಡಿ ಮನಸ್ಸು ಸೋತಿರಲ್ಲ? ಮೈಮೇಲೆ ಐವತ್ತು ವರ್ಷದ ಗೀರು, ಮುಖ ಮಾತ್ರ ನಿನ್ನೆ ಹುಟ್ಟಿದ್ದು. ಹೇಗೆ ಸಾಧ್ಯ? ಮುಂಬೈ ಕಡೆ ಹಳೇ ಡಯಲ್ ಉಜ್ಜಿ ಹೊಸ ಬಣ್ಣ ಬಳಿದು, ಒಂದು ವಾಚಿನ ಮಿಷನ್ನು, ಇನ್ನೊಂದರ ಕೇಸು, ಮತ್ತೊಂದರ ಮುಳ್ಳು ಸೇರಿಸಿ ಮದುವೆ ಮಾಡಿಸೋ ಉದ್ಯೋಗವೇ ಇದೆ. ಪ್ರಪಂಚದ ವಾಚುಪ್ರಿಯರು ಇದಕ್ಕೆ ‘ಮುಂಬೈ ಸ್ಪೆಷಲ್’ ಅಂತಾನೇ ಹೆಸರಿಟ್ಟಿದ್ದಾರೆ.

ಕಂಡುಹಿಡಿಯೋದು ಕಷ್ಟ ಇಲ್ಲ. ಅಕ್ಷರ ದಪ್ಪ ಇದ್ಯಾ, ಸೊಟ್ಟ ಇದ್ಯಾ? ನಿಮಿಷದ ಗೆರೆಗಳು ಮುಳ್ಳಿನ ತುದಿಗೆ ಸರಿಯಾಗಿ ಕೂರ್ತಾವಾ? ಸ್ವಿಸ್ ವಾಚಾದ್ರೆ ಆರರ ಕೆಳಗೆ ಅಂಚಿನಲ್ಲಿ ‘ಸ್ವಿಸ್ ಮೇಡ್’ ಅನ್ನೋದು ಇರುವೆ ಗಾತ್ರದಲ್ಲಿ, ಆದ್ರೆ ಚೊಕ್ಕವಾಗಿ ಇರಬೇಕು. ಅದು ಎದ್ದು ಕುಣೀತಿದ್ರೆ ಅನುಮಾನ ಪಡಿ. ಮುಖಕ್ಕೆ ಬಣ್ಣ ಹಚ್ಚಿ ವಯಸ್ಸು ಮುಚ್ಚೋದು ನಿಮಗೆ ಹೊಸದಾ? ನಿಮ್ಮ ಮೀಸೆಗೆ ತಿಂಗಳಿಗೊಮ್ಮೆ ಏನು ಹಚ್ತೀರಿ ಅಂತ ಕ್ಷೌರದಂಗಡಿಯವನಿಗೆ ಗೊತ್ತು.

ಗಲ್ಫಿಂದ ಬಂದ ಸೀಕೋ ಸಿಕ್ಕಿದ್ರೆ ಇನ್ನೂ ಸಲೀಸು. ಬೆನ್ನಿನ ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೇ ಅಂಕಿ, ಎರಡನೇದು ತಿಂಗಳು. 7, 4 ಅಂತ ಶುರುವಾದ್ರೆ 77ರ ಏಪ್ರಿಲ್ಲೋ, 87ರ ಏಪ್ರಿಲ್ಲೋ. ಯಾವ ದಶಕ ಅನ್ನೋದನ್ನ ಒಳಗಿನ ಮಿಷನ್ ನಂಬರು ಹೇಳುತ್ತೆ. ಇಷ್ಟು ತಿಳ್ಕೊಂಡ ಮೇಲೆ ನಿಮ್ಮನ್ನ ಹಿಡಿಯೋರು ಯಾರು? ನಾಳೆ ನೆಂಟರ ಮನೆಗೆ ಹೋಗಿ ಎಲ್ಲರ ಕೈ ಹಿಡಿದು ವಾಚು ತಿರುಗಿಸಿ ನೋಡ್ತೀರಿ. ಸ್ವಲ್ಪ ಮರ್ಯಾದೆ ನೋಡ್ಕೊಳ್ಳಿ.

ಒಂದೇ ಒಂದು ಗಂಭೀರ ಮಾತು. ಬಹಳ ಹಳೇ ರೇಡಿಯಂ ವಾಚು ಸಿಕ್ಕಿದ್ರೆ ಮನೇಲಿ ಬಿಚ್ಚಿ ಡಯಲ್ ಕೆರೆಯೋಕೆ ಹೋಗಬೇಡಿ. ಕತ್ತಲಲ್ಲಿ ಹೊಳೆಯೋದು ನಿಂತಿರುತ್ತೆ ನಿಜ, ಆದ್ರೆ ಸತ್ತಿರೋದು ಹೊಳೆಯೋ ಬಣ್ಣ ಮಾತ್ರ. ರೇಡಿಯಂ ಅರ್ಧ ಕರಗೋಕೇ ಸುಮಾರು 1600 ವರ್ಷ ಬೇಕು. ಆ ಪುಡಿ ಮೂಗಿಗೆ ಹೋಗೋದು ಒಳ್ಳೇದಲ್ಲ. ಮುಚ್ಚಿದ ಹಾಗೇ ಇಡಿ. (ಸ್ಕ್ರೂಡ್ರೈವರ್ ಕೆಳಗಿಡಿ ಅಂದೆ!)

ಈಗ ಕತೆ ಕಟ್ಟೋ ವಿಷಯ. ಹಳೇ ವಾಚು ಕೊಂಡೋರು ಸುಮ್ನೆ ಕಟ್ಕೊಳ್ಳಲ್ಲ, ಅದಕ್ಕೊಂದು ವಂಶಾವಳಿ ಬೇಕು. ಶನಿವಾರಸಂತೆಯಲ್ಲಂತೂ ಕೇಳೋದೇ ಬೇಡ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1899ರಲ್ಲಿ ಹುಟ್ಟಿದ ಊರು. ಇಡೀ ಕೊಡಗಲ್ಲಿ ಮನೆಗೊಬ್ಬರು ಮಿಲಿಟ್ರಿಯವರು. ಬ್ರಿಟಿಷರ ಕಾಲದ ಸೈನಿಕರ ಕೈಲಿ ವೆಸ್ಟ್ ಎಂಡ್ ಕಂಪನಿಯ ‘ಸೋವಾರ್’ ವಾಚು ಇದ್ದದ್ದೂ ಹೌದು. ಹಾಗಂತ ಟಾರ್ಪಾಲಿನ ಮೇಲಿನ ಪ್ರತಿ ವಾಚೂ ಬರ್ಮಾ ಯುದ್ಧ ಮುಗಿಸಿ ಬಂದದ್ದಾ?

ವ್ಯಾಪಾರಿ, ‘ಮಿಲಿಟ್ರಿಯವರದ್ದು ಸಾರ್’ ಅಂತಾನೆ. ಬಸ್ ಹತ್ತೋಷ್ಟರಲ್ಲಿ ನಿಮ್ಮ ಬಾಯಲ್ಲಿ ಅದು ಸುಬೇದಾರರದ್ದಾಗುತ್ತೆ. ಸೋಮವಾರಪೇಟೆ ಮುಟ್ಟೋಷ್ಟರಲ್ಲಿ ಕರ್ನಲ್. ಮಡಿಕೇರಿಯ ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬರೋ ಹೊತ್ತಿಗೆ ಜನರಲ್. ನಮ್ಮ ಸೈನ್ಯದಲ್ಲಿ ಇಷ್ಟು ಬೇಗ ಪ್ರಮೋಷನ್ ಯಾರಿಗೂ ಸಿಕ್ಕಿಲ್ಲ ಕಣ್ರೀ.

ಇನ್ನು ಮನೆ. ‘ಎಷ್ಟು ಕೊಟ್ರಿ?’ ಅನ್ನೋ ಪ್ರಶ್ನೆಗೆ ನಿಮ್ಮ ಉತ್ತರ ನನಗೆ ಗೊತ್ತು: ‘ಫ್ರೆಂಡ್ ಕೊಟ್ಟ.’ ಬೆಲ್ಟಿಗೆ, ಗ್ಲಾಸಿಗೆ, ಸರ್ವಿಸಿಗೆ ಅಂತ ವಾಚಿನ ಬೆಲೆಯ ನಾಕರಷ್ಟು ರಿಪೇರಿಯವರಿಗೆ ಸುರಿದದ್ದು ನಿಮ್ಮ ಹೆಂಡತಿಗೂ ಗೊತ್ತು. ಗೊತ್ತಿದ್ದೂ ಸುಮ್ನಿರ್ತಾರೆ. ಆ ಮೌನವನ್ನ ಮುಂದಿನ ತಿಂಗಳು ಸೀರೆ ಅಂಗಡಿಯಲ್ಲಿ ಬಡ್ಡಿ ಸಮೇತ ವಸೂಲು ಮಾಡ್ತಾರೆ. ಅಷ್ಟು ಕೊಟ್ಟ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಓಡುತ್ತೆ, ಆದ್ರೂ ನೀವು ಮೀಟಿಂಗಿಗೆ ಅರ್ಧ ಗಂಟೆ ಲೇಟು. ಅದಕ್ಕೆ ಯಾವ ಮಿಷನ್ನೂ ಹೊಣೆಯಲ್ಲ.

ನನ್ನ ಮಾತು ಕೇಳೋ ಹಾಗಿದ್ರೆ ಒಂದು ಕೆಲಸ ಮಾಡಿ. ಸಂತೆ ಸುತ್ತೋಕೆ ಮುಂಚೆ ನಿಮ್ಮ ಮನೆಯ ಅಟ್ಟ ಹತ್ತಿ. ಅಜ್ಜಿಯ ಟ್ರಂಕಿನಲ್ಲಿ, ಹಳೇ ಪಾಸ್‌ಬುಕ್ಕಿನ ಕೆಳಗೆ, ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟ ಒಂದು ವಾಚು ಇದ್ರೂ ಇರಬಹುದು. ಅದಕ್ಕೆ ನೀವು ಕತೆ ಕಟ್ಟಬೇಕಿಲ್ಲ. ಅಡುಗೆಮನೇಲಿ ಕೂತು ಕೇಳಿದ್ರೆ ಸಾಕು, ಯಾವ ವರ್ಷದ ಕಾಫಿ ದುಡ್ಡಲ್ಲಿ ತಂದದ್ದು, ಯಾರ ಜೊತೆ ಜಗಳ ಆಡಿ ತಂದದ್ದು, ಎಲ್ಲಾ ಬರುತ್ತೆ. ಆದ್ರೆ ಅದು ನಿಮಗೆ ರುಚಿಸಲ್ಲ ಅಲ್ವಾ? ಅದರಲ್ಲಿ ಕರ್ನಲ್ ಇಲ್ಲ. ಬರೀ ನಿಮ್ಮಪ್ಪ ಇದ್ದಾರೆ.

ಸಿಕ್ಕಿದ್ರೆ ಒಂದು ಚೀಟಿಯಲ್ಲಿ ಬರೆದು ವಾಚಿನ ಜೊತೆ ಡಬ್ಬಿಗೆ ಹಾಕಿ: ಯಾರದ್ದು, ಯಾವಾಗಿನದ್ದು. ಬರೀದೇ ಹೋದ್ರೆ ಏನಾಗುತ್ತೆ ಗೊತ್ತಾ? ಐವತ್ತು ವರ್ಷ ಆದ ಮೇಲೆ ನಿಮ್ಮ ಮೊಮ್ಮಗ ಇದೇ ಟಾರ್ಪಾಲಿನ ಮುಂದೆ ಕೂತು, ಬೀಗದ ರೇಟು ಕೇಳಿ, ನಿಮ್ಮದೇ ವಾಚಿಗೆ ಚೌಕಾಸಿ ಮಾಡ್ತಾನೆ. ವ್ಯಾಪಾರಿ ಗಂಭೀರವಾಗಿ, ‘ಮಿಲಿಟ್ರಿಯವರದ್ದು ಸಾರ್, ದೊಡ್ಡ ಆಫೀಸರದ್ದು’ ಅಂತಾನೆ. ಅವನು ನಂಬ್ತಾನೆ. (ನೀವು, ಆಫೀಸರು! ಪಕ್ಕದ ಮನೆ ನಾಯಿ ಬೊಗಳಿದ್ರೆ ಗೇಟಿಂದಲೇ ವಾಪಸ್ ಬರೋರು.)